ಹೊಳೆಯೋ ಕಂಬಿಯನ್ನ ನಂಬಬೇಡಿ: ಹಾಯಿದೋಣಿಯ ರೇಲಿಂಗ್ ಕಥೆ

ವಿಡಿಯೋ ನೋಡೋಕೆ ಪುರುಸೊತ್ತಿಲ್ಲದೆ ಆಫೀಸ್ ಬಸ್ಸಲ್ಲಿ ಓದಿಕೊಳ್ಳೋರಿಗಾಗಿ, ಎಂದಿನಂತೆ ಈ ವಾರದ ಮಾತಿನ ಬರಹರೂಪ.

ಅಡ್ಯಾರ್‌ಗೆ ಬಂದ ಹೊಸತರಲ್ಲಿ ನಮ್ಮ ಬಾಡಿಗೆ ಮನೆಯ ಬಾಲ್ಕನಿ ಕಂಬಿಗೆ ಹೊಸ ಬಣ್ಣ ಹೊಡೆದಿದ್ರು, ನೋಡೋಕೆ ಚೆನ್ನಾಗಿತ್ತು. ಊರಿಂದ ಬಂದ ಅಮ್ಮ ಒಂದಿನ ಬಟ್ಟೆ ಒಣಹಾಕುವಾಗ ಅದರ ಮೇಲೆ ಕೈಯೂರಿದರು. ಕಂಬಿ ಬುಡದಲ್ಲೇ ಅಲ್ಲಾಡಿತು! ಬಣ್ಣ ಕೆರೆದು ನೋಡಿದರೆ ಒಳಗೆ ಕಬ್ಬಿಣವೇ ಇಲ್ಲ, ಬರೀ ತುಕ್ಕಿನ ಪುಡಿ. ಸಮುದ್ರದ ಉಪ್ಪುಗಾಳಿ ಅಂದ್ರೆ ಏನು ಅಂತ ಅವತ್ತು ಗೊತ್ತಾಯ್ತು. ದಡದ ಮೇಲಿರೋ ಮನೆಗೇ ಹೀಗಾದರೆ, ಸಮುದ್ರದಲ್ಲೇ ಇರೋ ದೋಣಿಯ ಕಂಬಿಯ ಗತಿ ಏನು? ಇವತ್ತಿನ ಕಥೆ ಅಲ್ಲಿಂದ ಶುರು.

ಮದ್ರಾಸಿಗೆ ಮೊದಲು ಬಂದರೇ ಇರಲಿಲ್ಲ. ಹಡಗುಗಳು ದೂರದಲ್ಲಿ ಲಂಗರು ಹಾಕ್ತಿದ್ವು. ಜನ, ಸಾಮಾನು ಎಲ್ಲಾ ಅಲೆ ದಾಟಿ ದಡಕ್ಕೆ ಬರ್ತಿದ್ದದ್ದು ಮಸೂಲಾ ದೋಣಿಯಲ್ಲಿ. ಅದರ ಹಲಗೆಗಳಿಗೆ ಮೊಳೆ ಇಲ್ಲ, ತೆಂಗಿನ ನಾರಿನ ಹುರಿಯಲ್ಲಿ ಹೊಲಿಗೆ. ಅಲೆ ಬಡಿದಾಗ ದೋಣಿ ಒಡೆಯೋ ಬದಲು ಸ್ವಲ್ಪ ಬಾಗುತ್ತಿತ್ತು. ಹೊಲಿಗೆ ಸಡಿಲವಾದರೆ ಕಣ್ಣಿಗೆ ಕಾಣುತ್ತೆ, ಮತ್ತೆ ಹೊಲಿಯಬಹುದು. ಈ ಮಾತು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತೆ.

1875ರಲ್ಲಿ ಬಂದರಿನ ಶಂಕುಸ್ಥಾಪನೆ ಆಯ್ತು. 1881ರ ಚಂಡಮಾರುತ ಕಟ್ಟಿದ ಗೋಡೆಗಳನ್ನ ಒಡೆದುಹಾಕಿತು. ಕೊನೆಗೆ ಬಂದರು ನಿಂತಿತು. ಅದರ ಆಶ್ರಯದಲ್ಲಿ 1911ರಲ್ಲಿ ಪೋರ್ಟ್ ಟ್ರಸ್ಟಿನ ಫ್ರಾನ್ಸಿಸ್ ಸ್ಪ್ರಿಂಗ್ ಮದ್ರಾಸ್ ಯಾಟ್ ಕ್ಲಬ್ ಶುರುಮಾಡಿದರು. ಹೊಟ್ಟೆಪಾಡಿನ ಅಲೆ ಮೇಲೆ ಹವ್ಯಾಸದ ಹಾಯಿಯೂ ಬಂತು.

ಇನ್ನು ಕಂಬಿಯ ವಿಷಯ. ದೂರ ಹೋಗೋ ಹಾಯಿದೋಣಿಯ ಡೆಕ್ ಅಂಚಿನಲ್ಲಿ ಸಾಲಾಗಿ ಕಂಬ ನಿಲ್ಲಿಸಿ, ನಡುವೆ ಲೋಹದ ತಂತಿ ಎಳೆದಿರ್ತಾರೆ. ಇದಕ್ಕೆ ಲೈಫ್‌ಲೈನ್ ಅಂತಾರೆ. ದೊಡ್ಡ ದೋಣಿಗಳ ರೇಸ್ ನಿಯಮದಲ್ಲಿ ಎತ್ತರ ಕನಿಷ್ಠ 600 ಮಿಲಿಮೀಟರ್, ಎರಡು ಕಂಬದ ನಡುವಿನ ಅಂತರ 2.2 ಮೀಟರ್ ದಾಟಬಾರದು. ಅಂದರೆ ಮೊಣಕಾಲಿಗಿಂತ ಸ್ವಲ್ಪ ಮೇಲೆ, ಅಷ್ಟೇ. ಆ ಒಂದು ತಂತಿಯಿಂದ ಎಷ್ಟು ವ್ಯತ್ಯಾಸ ಆಗುತ್ತೆ? ಫ್ರಾನ್ಸಿನ ಎರಿಕ್ ತಬಾರ್ಲಿ ಆ ದೇಶದ ಅತಿ ದೊಡ್ಡ ನಾವಿಕರಲ್ಲಿ ಒಬ್ಬರು. ಅವರ ಹಳೇ ದೋಣಿ ಪೆನ್ ಡ್ಯುಯಿಕ್‌ಗೆ ಕಂಬಿಯೇ ಇರಲಿಲ್ಲ, ಅವರು ಸೊಂಟಕ್ಕೆ ಹಾರ್ನೆಸ್ಸೂ ಕಟ್ಟಿರಲಿಲ್ಲ. 1998ರ ಜೂನ್‌ನಲ್ಲಿ ಒಂದು ರಾತ್ರಿ ಹಾಯಿ ಬದಲಿಸುವಾಗ ಮರದ ದಿಮ್ಮಿ ಬಡಿದು ನೀರಿಗೆ ಬಿದ್ದರು. ಜೊತೆಯಲ್ಲಿ ಜನ ಇದ್ದರೂ ಉಳಿಸೋಕೆ ಆಗಲಿಲ್ಲ.

ಒಬ್ಬರೇ ಇದ್ದರಂತೂ ದೋಣಿ ತಿರುಗಿಸೋಕೂ ಯಾರಿರಲ್ಲ. ನಮ್ಮ ಮಹದಾಯಿ ನದಿಯ ಹೆಸರನ್ನೇ ಹೊತ್ತ, ಗೋವಾದಲ್ಲಿ ಕಟ್ಟಿದ ನೌಕಾಪಡೆಯ 'ಮಾದೇಯಿ'ಯಲ್ಲಿ ದಿಲೀಪ್ ದೊಂದೆ 2009-10ರಲ್ಲಿ ಒಬ್ಬರೇ ಭೂಮಿ ಸುತ್ತಿ ಬಂದರು. ಹಾಗೆ ಸುತ್ತಿದ ಮೊದಲ ಭಾರತೀಯರು ಅವರು. ಅಂಥ ಪಯಣದಲ್ಲಿ ಹಾರ್ನೆಸ್, ಕಂಬಿ ಎರಡೇ ಜೊತೆಗಾರರು.

1913ರಲ್ಲಿ ಶೆಫೀಲ್ಡ್‌ನ ಹ್ಯಾರಿ ಬ್ರಿಯರ್ಲಿ ತುಕ್ಕು ಹಿಡಿಯದ ಉಕ್ಕು ತಯಾರಿಸಿದರು. ಮುಂದೆ ದೋಣಿ ತಂತಿಗೂ ಸ್ಟೇನ್‌ಲೆಸ್ ಸ್ಟೀಲ್ ಬಂತು. ಕೈಗೆ ಒತ್ತದಿರಲಿ, ನೋಡೋಕೂ ಚೆಂದ ಇರಲಿ ಅಂತ ತಂತಿಗೆ ಬಿಳಿ ಪ್ಲಾಸ್ಟಿಕ್ ಹೊದಿಕೆ ಹಾಕಿದರು. ಎಡವಟ್ಟು ಆಗಿದ್ದು ಅಲ್ಲೇ. ಸ್ಟೇನ್‌ಲೆಸ್ ಸ್ಟೀಲನ್ನ ಕಾಯೋದು ಅದರ ಮೇಲಿರೋ ಕ್ರೋಮಿಯಂ ಆಕ್ಸೈಡಿನ ತೆಳು ಪದರ. ಆ ಪದರ ಉಳಿಯೋಕೆ ಆಮ್ಲಜನಕ ಬೇಕು. ಹೊದಿಕೆಯೊಳಗೆ ಉಪ್ಪುನೀರು ನಿಲ್ಲುತ್ತೆ, ಗಾಳಿ ಸಿಗಲ್ಲ, ಸಂದಿಯಲ್ಲಿ ಲೋಹ ತೂತು ಬೀಳುತ್ತೆ. ಹೊರಗೆ ಹೊಸದು, ಒಳಗೆ ಖಾಲಿ. ನಮ್ಮ ಭಾಷೆಯಲ್ಲಿ ಹೇಳೋದಾದ್ರೆ, ಡ್ಯಾಶ್‌ಬೋರ್ಡ್ ಪೂರ್ತಿ ಹಸಿರು, ಸರ್ವರ್ ಸತ್ತುಹೋಗಿದೆ. ಅದಕ್ಕೇ ರೇಸ್ ನಿಯಮ ಈಗ ಬರಿ ತಂತಿ ಬೇಕು ಅನ್ನುತ್ತೆ. ತಾತ್ಕಾಲಿಕ ಹೊದಿಕೆ ಹಾಕಿದರೂ ಆಗಾಗ ತೆಗೆದು ನೋಡಬೇಕು. ಕಣ್ಣಿಗೆ ಕಾಣೋ ಹೊಲಿಗೆಯ ಆ ಮಸೂಲಾ ಬುದ್ಧಿಗೇ ವಾಪಸ್ ಬಂದಂಗಾಯ್ತು.

ರಿಪೇರಿ ಹೇಗೆ? ತಂತಿಯ ಒಂದು ಎಳೆ ತುಂಡಾಗಿದ್ದರೂ ಪೂರ್ತಿ ಬದಲಿಸಬೇಕು. ಬಾಗಿದ ಕಂಬವನ್ನ ಬಡಿದು ನೆಟ್ಟಗೆ ಮಾಡಿದರೆ ಬಾಗಿದ ಜಾಗ ಬಲಹೀನವಾಗಿರುತ್ತೆ, ಅದನ್ನೂ ಬದಲಿಸೋದೇ ಕ್ಷೇಮ. ಬುಡದ ಬೋಲ್ಟ್ ತೂತಿಂದ ನೀರು ಇಳಿದು ಡೆಕ್ ಒಳಗಿನ ಮರ ಕೊಳೆತಿರುತ್ತೆ. ಕೊಳೆತದ್ದನ್ನ ತೆಗೆದು, ಒಣಗಿಸಿ, ಎಪಾಕ್ಸಿ ತುಂಬಿ, ಮತ್ತೆ ತೂತು ಕೊರೆದು, ಸೀಲಂಟ್ ಹಚ್ಚಿ, ಕೆಳಗಡೆ ಲೋಹದ ತಟ್ಟೆ ಕೊಟ್ಟು ಬಿಗಿಯಬೇಕು. ಹೊಸ ಕಂಬವನ್ನ ಕೊಳೆತ ಮರಕ್ಕೆ ಬಿಗಿದರೆ ದುಡ್ಡು ದಂಡ.

ನಮ್ಮ ಬಾಲ್ಕನಿಯಲ್ಲೂ ಓನರ್ ಮೊದಲು ಇನ್ನೊಂದು ಕೋಟ್ ಬಣ್ಣ ಹೊಡೆಸ್ತೀನಿ ಅಂದಿದ್ರು. ನಾನು ಒಪ್ಪಲಿಲ್ಲ. ಎರಡು ತಿಂಗಳು ಜಗ್ಗಾಡಿದ ಮೇಲೆ ಬುಡ ಒಡೆಸಿ ಹೊಸ ಕಂಬಿ ಹಾಕಿಸಿದರು. ಅಷ್ಟು ದಿನ ಅಮ್ಮ ಬಟ್ಟೆ ಒಣಹಾಕಿದ್ದು ಹಾಲ್‌ನಲ್ಲಿ. ನೀವೂ ಚೆನ್ನೈಯಲ್ಲೋ ಮುಂಬೈಯಲ್ಲೋ ಕಡಲ ಹತ್ತಿರ ಇದ್ದರೆ, ಈ ಭಾನುವಾರ ಕಂಬಿಯ ಬುಡವನ್ನ ಒಮ್ಮೆ ತಟ್ಟಿ ನೋಡಿ. ಮುಂದಿನ ವಾರ ಸಿಗೋಣ.