ಸೆಳವು ಬಂದ ಮಗು, ಸ್ವಾಧೀನ ತಪ್ಪಿದ ಕಾಲು

ಎಳೆಯ ಮಗುವಿಗೆ ಇದ್ದಕ್ಕಿದ್ದಂತೆ ಸೆಳವು ಬಂದರೆ, ಕಣ್ಣುಗುಡ್ಡೆ ಮೇಲೆ ಸಿಕ್ಕಿಕೊಂಡರೆ, ಬಯಲುಸೀಮೆಯ ಹಳ್ಳಿಗಳಲ್ಲಿ ಅದಕ್ಕೆ ಇದ್ದ ಹೆಸರು ಬಾಲಗ್ರಹ. ಇದನ್ನು ಬರೀ ಮೂಢನಂಬಿಕೆ ಎಂದು ತಳ್ಳಿಹಾಕುವುದು ತಪ್ಪು. ಸುಶ್ರುತಸಂಹಿತೆಯ ಉತ್ತರತಂತ್ರ ಒಂಬತ್ತು ಬಾಲಗ್ರಹಗಳನ್ನು ಲಕ್ಷಣ ನೋಡಿ ಬೇರ್ಪಡಿಸಿದೆ. ಪ್ರಜ್ಞೆ ತಪ್ಪಿ, ಕೈಕಾಲು ಬಡಿದು, ನೊರೆ ಕಾರುವ ಮಗು ಅಲ್ಲಿನ ಸ್ಕಂದಾಪಸ್ಮಾರದಲ್ಲಿ ಸ್ಪಷ್ಟವಾಗಿ ಕಾಣುತ್ತದೆ. ಊರಿನ ಬಳಕೆಯಲ್ಲಿ ಮಾತ್ರ ಒಂಬತ್ತೂ ಕಲೆತು ಒಂದಾದವು. ಕೈಗೆ ಕಬ್ಬಿಣ ಕೊಟ್ಟರು, ತಾಯತ ಕಟ್ಟಿದರು, ಬರೆ ಹಾಕಿದರು. ಜ್ವರದ ಸೆಳವು ಬಹುಪಾಲು ಕೆಲವೇ ನಿಮಿಷಗಳಲ್ಲಿ ತಾನಾಗಿ ನಿಲ್ಲುವುದರಿಂದ ಗುಣಪಡಿಸಿದ ಹೆಸರು ಬರೆಗೆ ಸಂದಿತು; ಮೆದುಳುಪೊರೆಗೆ ಸೋಂಕು ತಗುಲಿದ ಮಗು ಅದೇ ಹೊತ್ತಿನಲ್ಲಿ ಕೈತಪ್ಪಿತು.

ಇವೆರಡನ್ನೂ ಬೇರ್ಪಡಿಸುವ ದಾರಿಯನ್ನು 1891ರಲ್ಲಿ ಜರ್ಮನಿಯ ಹೈನ್‌ರಿಖ್ ಕ್ವಿಂಕೆ ತೋರಿಸಿದ್ದ: ಬೆನ್ನುಮೂಳೆಗಳ ನಡುವೆ ಸೂಜಿ ಇಳಿಸಿ ನೀರು ತೆಗೆದು ಪರೀಕ್ಷಿಸುವುದು. ಆ ನೀರು ಕದಡಿದ್ದರೆ ಕೀವುಂಟುಮಾಡುವ ಸೋಂಕಿನ ಶಂಕೆ ಬಲವಾಗುತ್ತದೆ. ಆದರೆ ನೀರು ತೆಗೆದರೆ ಕಾಲು ಹೋಗುತ್ತದೆ ಎಂಬ ಭಯ ಇಂದಿಗೂ ಪೂರ್ತಿ ಅಳಿದಿಲ್ಲ. ದೂರವೂ ಅಡ್ಡಿಯಾಗಿತ್ತು. ಮೂರು ಕಡೆ ಆಂಧ್ರ ಸುತ್ತುವರಿದ ಪಾವಗಡದಿಂದ ಜಿಲ್ಲಾಕೇಂದ್ರ ತುಮಕೂರಿಗೆ ಸುಮಾರು 100 ಕಿ.ಮೀ.

1974ರ ಡಿಸೆಂಬರ್ 27ರಂದು ಬೆಂಗಳೂರಿನಲ್ಲಿ ಮನೋರೋಗ, ನರರೋಗಗಳ ಸಂಸ್ಥೆಯಾದ ನಿಮ್ಹಾನ್ಸ್ ರೂಪುಗೊಂಡಿತು. ಅದೇ ದಶಕದ ಕೊನೆಗೆ ತುಮಕೂರು ಜಿಲ್ಲೆಯ ಮಧುಗಿರಿಯ ಮಗ್ಗುಲಿನ ಅಂದಿನ ಕೋಲಾರ ಜಿಲ್ಲೆಯಲ್ಲಿ ಮೆದುಳು ಜ್ವರ ಮಕ್ಕಳನ್ನು ಕಾಡಿತು. ಮುಂದೆ ನಿಮ್ಹಾನ್ಸ್ ವೈದ್ಯರ ಮಾಸಿಕ ಶಿಬಿರ ಗೌರಿಬಿದನೂರಿನಂತೆ ಮಧುಗಿರಿಗೂ ಬಂದಿತು.

ಸೆಳವಿನದು ಹೀಗಾದರೆ, ಸ್ವಾಧೀನ ತಪ್ಪಿದ ಕಾಲಿಗೆಂದು ಬಂದ, ಶಿಬಿರಕ್ಕಿಂತ ಆಳಕ್ಕೆ ಇಳಿದ ಏರ್ಪಾಡು ಹಳ್ಳಿಯಲ್ಲಿ ಯಾವ ಯಂತ್ರವನ್ನೂ ಬೇಡಲಿಲ್ಲ. 1997ರಿಂದ ದೇಶದಲ್ಲಿ ಪೋಲಿಯೊ ಪತ್ತೆಗೆಂದು ನಡೆದ ನಿಗಾವಣೆಯಲ್ಲಿ, 15 ವರ್ಷದೊಳಗಿನ ಯಾವ ಮಗುವಿನ ಕೈಕಾಲು ಹಠಾತ್ತನೆ ಸೋತು ಜೋತುಬಿದ್ದರೂ, ಕಾರಣ ಏನೇ ಇರಲಿ, ವರದಿಯಾಗಲೇಬೇಕು. 48 ಗಂಟೆಯೊಳಗೆ ತನಿಖೆ. 14 ದಿನಗಳೊಳಗೆ, ಕನಿಷ್ಠ 24 ಗಂಟೆಗಳ ಅಂತರದಲ್ಲಿ ಎರಡು ಬಾರಿ ಮಲದ ಮಾದರಿ. ಅದನ್ನು ಮಂಜುಗಡ್ಡೆಯ ಪೆಟ್ಟಿಗೆಯಲ್ಲಿಟ್ಟು ಪ್ರಯೋಗಾಲಯಕ್ಕೆ ಕಳಿಸಬೇಕು. ಮಗುವನ್ನು ಅರವತ್ತನೆಯ ದಿನದ ನಂತರ ಮತ್ತೆ ನೋಡಬೇಕು. ಪೋಲಿಯೊ ಅಲ್ಲದ ಗಿಲಾನ್-ಬಾರೆ ಎಂಬ ನರರೋಗ, ಬೆನ್ನುಹುರಿಯ ಉರಿಯೂತ, ಇಂಜೆಕ್ಷನ್ ನರಕ್ಕೆ ತಗುಲಿ ಸೋತ ಕಾಲು, ಎಲ್ಲವೂ ಇದೇ ಬಲೆಗೆ ಬೀಳುತ್ತವೆ. ಇಂಥ ಪ್ರಕರಣ ಒಂದೂ ಇಲ್ಲವೆನ್ನುವ ಜಿಲ್ಲೆಯನ್ನು ಆರೋಗ್ಯವಂತ ಎಂದು ಎಣಿಸುವುದಿಲ್ಲ, ಅಲ್ಲಿ ಹುಡುಕಾಟ ಸಾಲದು ಎಂದೇ ಎಣಿಸುತ್ತಾರೆ. ಲಕ್ಷ ಮಕ್ಕಳಿಗೆ ವರ್ಷಕ್ಕೆ ಕನಿಷ್ಠ ಒಂದಾದರೂ ಸಿಗಬೇಕೆಂಬುದು ಮೂಲ ಅಳತೆ. ಭಾರತ ಅದನ್ನು ಎರಡಕ್ಕೆ ಏರಿಸಿಕೊಂಡಿತು. ಕಾಲು ಸೋತ ಮಗುವಿನ ಮನೆಬಾಗಿಲಿಗೆ ವೈದ್ಯರೇ ಹುಡುಕಿಕೊಂಡು ಹೋಗುವಂತೆ ಮಾಡಿದ್ದು ಈ ನಿಯಮ.

ದೇಶದ ಕೊನೆಯ ಕಾಡು ಪೋಲಿಯೊ ಪ್ರಕರಣ 2011ರ ಜನವರಿಯಲ್ಲಿ ಹೌರಾದಲ್ಲಿ ಕಂಡಿತು. 2014ರ ಮಾರ್ಚ್ 27ರಂದು ಭಾರತಕ್ಕೆ ಪೋಲಿಯೊಮುಕ್ತ ಪ್ರಮಾಣಪತ್ರ ದೊರೆಯಿತು. ವೈರಾಣು ಹೊರಗಿನಿಂದ ಮರಳಬಹುದಾದ್ದರಿಂದ ನಿಗಾವಣೆ ನಿಂತಿಲ್ಲ. ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡಗಳಲ್ಲಿ ಯಾವ ಮಗುವಿನ ಕಾಲು ಹಠಾತ್ತನೆ ಸೋತರೂ ಅದರ ವರದಿ ಹೋಗಬೇಕು.