ಐವತ್ತು ವರ್ಷ ಆಳಿನ ವೇಷ

ಹಾಲಿವುಡ್ ಅಂದರೆ ನಮಗೆ ಗೊತ್ತಿರುವುದು ನಾಯಕ ನಾಯಕಿಯರ ಚರಿತ್ರೆ. ಅವರ ಕೋಟು ಹಿಡಿದು ನಿಂತವರ, ಪೆಟ್ಟಿಗೆ ಹೊತ್ತವರ, ಕುದುರೆ ಮೈ ತಿಕ್ಕಿದವರ ಚರಿತ್ರೆ ಯಾರಿಗೆ ಬೇಕು? ಕ್ಲಾರೆನ್ಸ್ ಮ್ಯೂಸ್ ಅಂಥವರಲ್ಲೊಬ್ಬ. 1929ರಿಂದ 1979ರವರೆಗೆ ನೂರಕ್ಕೂ ಹೆಚ್ಚು ಚಿತ್ರಗಳಲ್ಲಿ ದುಡಿದ ಕಪ್ಪು ಪೋಷಕ ನಟ.

1889ರಲ್ಲಿ ಬಾಲ್ಟಿಮೋರಿನಲ್ಲಿ ಹುಟ್ಟಿದ ಈತ ಓದಿದ್ದು ಕಾನೂನು. ಅದನ್ನು ಬಿಟ್ಟು ನಾಟಕಕ್ಕೆ ಬಂದ. ನ್ಯೂಯಾರ್ಕಿನ ಹಾರ್ಲೆಮ್‌ನಲ್ಲಿ ಕಪ್ಪು ಕಲಾವಿದರ ಲಫಾಯೆಟ್ ತಂಡ ಸೇರಿ ಗಂಭೀರ ಪಾತ್ರಗಳನ್ನು ಮಾಡಿದ. 1929ರಲ್ಲಿ ಫಾಕ್ಸ್ ಕಂಪನಿಯ 'ಹಾರ್ಟ್ಸ್ ಇನ್ ಡಿಕ್ಸಿ' ಚಿತ್ರದಲ್ಲಿ, ಇನ್ನೂ ನಲವತ್ತು ತುಂಬದ ಮ್ಯೂಸ್, ಮೊಮ್ಮಗನನ್ನು ಓದಲು ಉತ್ತರಕ್ಕೆ ಕಳಿಸುವ ಮುದಿ ರೈತನಾದ.

ಆಮೇಲೆ ಬಂದದ್ದೇನು? ಮನೆಯಾಳು, ರೈಲಿನ ಪೋರ್ಟರ್. 1934ರಲ್ಲಿ ಫ್ರಾಂಕ್ ಕ್ಯಾಪ್ರಾನ 'ಬ್ರಾಡ್‌ವೇ ಬಿಲ್' ಚಿತ್ರದಲ್ಲಿ ಕುದುರೆಲಾಯದ ಆಳು. ಹೆಸರು ವೈಟಿ, ಅಂದರೆ ಬಿಳಿಯ! 1950ರಲ್ಲಿ ಕ್ಯಾಪ್ರಾ ಅದೇ ಕತೆಯನ್ನು 'ರೈಡಿಂಗ್ ಹೈ' ಅಂತ ಮತ್ತೆ ತೆಗೆದ. ನಡುವೆ ಒಂದು ಮಹಾಯುದ್ಧವೇ ಮುಗಿದುಹೋಗಿತ್ತು. ನಾಯಕ ಬದಲಾದ. ವೈಟಿ ಮಾತ್ರ ಅದೇ ಮ್ಯೂಸ್, ಅದೇ ಲಾಯ.

ಹೊಟ್ಟೆಪಾಡಿಗೆ ಬಗ್ಗಿದ ಅಂತ ಹೀಗಳೆಯುವುದು ಸುಲಭ. ಆದರೆ ಆತನಿಗೆ ಎಲ್ಲ ಗೊತ್ತಿತ್ತು. ಕಪ್ಪು ನಟನ ಇಕ್ಕಟ್ಟಿನ ಬಗ್ಗೆ 1934ರಲ್ಲೇ ಒಂದು ಕಿರುಹೊತ್ತಗೆ ಬರೆದ. ಬಿಳಿ ಪ್ರೇಕ್ಷಕರಿಗೆ ಕೋಡಂಗಿಯಾಟ ಬೇಕು, ಹಾಡು ಬೇಕು. ಕಪ್ಪು ಪ್ರೇಕ್ಷಕರಿಗೆ ತಮ್ಮ ನಿಜವಾದ ಬದುಕು ಬೇಕು ಅಂತ ಅದರಲ್ಲಿ ವಾದಿಸಿದ.

ಲೇಖನಿ ನಮ್ಮ ಕೈಗೆ ಬಂದರೆ ಸಾಕು ಅಂತ ನಾವು ಅಂದುಕೊಳ್ಳುತ್ತೇವೆ. ಮ್ಯೂಸ್ ಕೈಗೆ ಲೇಖನಿಯೂ ಬಂತು. 1939ರಲ್ಲಿ ಕವಿ ಲ್ಯಾಂಗ್‌ಸ್ಟನ್ ಹ್ಯೂಸ್ ಜತೆ ಸೇರಿ 'ವೇ ಡೌನ್ ಸೌತ್' ಬರೆದ. ಆದರೂ ಅದರಲ್ಲಿ ಗುಲಾಮರನ್ನು ಕಾಪಾಡುವವನು ಧಣಿಯ ಮಗನೇ! ಮರುವರ್ಷ ದೊಡ್ಡ ಕಂಪನಿಗಳ ಹೊರಗೆ, ಕಪ್ಪು ಪ್ರೇಕ್ಷಕರಿಗಾಗಿ 'ಬ್ರೋಕನ್ ಸ್ಟ್ರಿಂಗ್ಸ್' ತಯಾರಾಯಿತು. ಅದರ ಬರವಣಿಗೆಯಲ್ಲೂ ಆತನ ಕೈಯಿತ್ತು. ಅಲ್ಲಿ ಮ್ಯೂಸ್ ಹೆಸರುವಾಸಿ ಪಿಟೀಲು ವಾದಕ, ಸಂಗೀತದ ವಿಷಯಕ್ಕೆ ಮಗನ ಮೇಲೆ ರೇಗುವ ಅಪ್ಪ. ಅದೇ ನಟ, ಅದೇ ಲೇಖನಿ. ಬದಲಾದವರು ಪರದೆಯ ಮುಂದೆ ಕೂತ ಜನ. ಯಾರ ಕಣ್ಣಿಗಾಗಿ ಬರೆಯುತ್ತೇವೆ ಅನ್ನೋ ಪ್ರಶ್ನೆ ಇಲ್ಲಿದೆ.

1972ರಲ್ಲಿ ಕಪ್ಪು ನಟ ಸಿಡ್ನಿ ಪಾಯ್ಟಿಯರ್ ತಾನೇ ನಿರ್ದೇಶಿಸಿದ 'ಬಕ್ ಅಂಡ್ ದ ಪ್ರೀಚರ್' ಚಿತ್ರದಲ್ಲಿ ಮುದುಕ ಮ್ಯೂಸ್‌ಗೂ ಜಾಗವಿತ್ತು. 1979ರ ಅಕ್ಟೋಬರಿನಲ್ಲಿ, ತೊಂಬತ್ತು ತುಂಬಲು ಒಂದು ದಿನ ಇರುವಾಗ, ಆತ ತೀರಿಕೊಂಡ. ಅದೇ ತಿಂಗಳು ಬಂದ 'ದ ಬ್ಲ್ಯಾಕ್ ಸ್ಟಾಲಿಯನ್' ಚಿತ್ರದಲ್ಲಿ ಆತ ಕುದುರೆಗಾಡಿ ಹೊಡೆಯುವ ಅಜ್ಜ. ಈ ಸಲ ಕುದುರೆ ಅವನದೇ.

ಹಳೆಯ ಚಿತ್ರ ನೋಡುವಾಗ ನಾಯಕನ ಹಿಂದೆ ಪೆಟ್ಟಿಗೆ ಹೊತ್ತು ಬರುವವನ ಮುಖವನ್ನೂ ಒಮ್ಮೆ ನೋಡಿ. ಅವನು ಕಾನೂನು ಓದಿದವನಿರಬಹುದು.