ಎಳೆಯ ಮಕ್ಕಳ ಮನೆಯೊಳಗಿನ ಆಟ: ಪಾತ್ರೆ, ಕೌದಿ, ರೊಟ್ಟಿ ಹಿಟ್ಟು ಸಾಕು

ಮುಂಗಾರು ಆರಂಭವಾಯಿತೆಂದರೆ ಹಾವೇರಿ ಜಿಲ್ಲೆಯ ಹಾನಗಲ್ಲ, ಶಿಗ್ಗಾವಿ, ಸವಣೂರು ಹಾಗೂ ಹಿರೇಕೆರೂರು ತಾಲ್ಲೂಕುಗಳಲ್ಲಿ ಬಿತ್ತನೆ, ಕಳೆ ತೆಗೆಯುವ ಕೆಲಸಗಳು ಒಂದರ ಹಿಂದೊಂದು ಬರುತ್ತವೆ. ಮಲೆನಾಡಿನ ಸೆರಗಿನಲ್ಲಿರುವ ಹಾನಗಲ್ಲ ಭಾಗದಲ್ಲಂತೂ ಜಿಟಿಜಿಟಿ ಮಳೆಗೆ ಅಂಗಳವೂ ಕೆಸರಾಗುತ್ತದೆ. ತಂದೆ-ತಾಯಿ ಹೊಲಕ್ಕೆ ಹೋದರೆ, ಕೂಸು ಅಜ್ಜಿಯೊಂದಿಗೆ ಮನೆಯೊಳಗೇ ಉಳಿಯುತ್ತದೆ. ನಗರದ ಮನೆಗಳಲ್ಲಿ ಮಳೆಯಿಲ್ಲದಿದ್ದರೂ ಸ್ಥಿತಿ ಹೆಚ್ಚುಕಡಿಮೆ ಇದೇ. ಅಳು ನಿಲ್ಲಿಸಲು ಮೊಬೈಲ್ ಕೊಡುವುದು ಎರಡೂ ಕಡೆ ಸುಲಭದ ದಾರಿಯಾಗಿದೆ.

ಆದರೆ ಎರಡು ವರ್ಷ ತುಂಬುವವರೆಗೆ ಮಕ್ಕಳಿಗೆ ಮೊಬೈಲ್, ಟಿ.ವಿ. ಬೇಡವೆಂದೂ, ಅನಂತರ ನಾಲ್ಕು ವರ್ಷದವರೆಗೆ ದಿನಕ್ಕೆ ಒಂದು ಗಂಟೆ ಮೀರಬಾರದೆಂದೂ ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಸೂಚಿಸಿದೆ. ಒಂದು ವರ್ಷ ದಾಟಿದ ಮಗುವಿಗೆ ದಿನದಲ್ಲಿ ಒಟ್ಟು 180 ನಿಮಿಷಗಳಷ್ಟಾದರೂ ಮೈ ಚಟುವಟಿಕೆ ಬೇಕೆಂಬುದೂ ಅದೇ ಸೂಚನೆಯ ಭಾಗ.

ಅಂಗನವಾಡಿಯ ಶಾಲಾಪೂರ್ವ ಶಿಕ್ಷಣ ಮೂರು ವರ್ಷ ತುಂಬಿದವರಿಗೆ. ಅದಕ್ಕಿಂತ ಚಿಕ್ಕವರಿಗೆ ಪೌಷ್ಟಿಕ ಆಹಾರ ಮನೆಗೇ ಬರುತ್ತದೆ. ಆಟ-ಪಾಠದ ಹೊಣೆ ಮನೆಯವರದೇ. ಕೇಂದ್ರ ಸರ್ಕಾರ 2024ರಲ್ಲಿ ಹೊರತಂದ ‘ನವಚೇತನ’ ಚೌಕಟ್ಟು ಹುಟ್ಟಿನಿಂದ ಮೂರು ವರ್ಷದವರೆಗಿನ ಮಕ್ಕಳನ್ನು ಕುರಿತದ್ದಾಗಿದೆ. ಮನೆಯಲ್ಲಿರುವ ವಸ್ತುಗಳಿಂದಲೇ ಆಡಿಸಬಹುದಾದ ಕೆಲವು ಆಟಗಳು ಇಲ್ಲಿವೆ.

ಪಾತ್ರೆ ಮತ್ತು ಮುಚ್ಚಳ (1ರಿಂದ 1½ ವರ್ಷ)

ಒಂದರೊಳಗೊಂದು ಕೂರುವ ಮೂರ್ನಾಲ್ಕು ಸ್ಟೀಲ್ ಬಟ್ಟಲು, ಎರಡು ಡಬ್ಬಿ ಹಾಗೂ ಅವುಗಳ ಮುಚ್ಚಳ ಕೊಡಿ. ತುಂಬುವುದು, ತೆಗೆಯುವುದು, ಬಡಿಯುವುದು ಈ ವಯಸ್ಸಿನ ಇಷ್ಟದ ಕೆಲಸ. ಯಾವ ಮುಚ್ಚಳ ಯಾವ ಡಬ್ಬಿಗೆ ಎಂದು ಹುಡುಕುವಾಗ ಗಾತ್ರದ ತಿಳಿವಳಿಕೆ ಮೂಡುತ್ತದೆ. ಅಂಚು ಹರಿತವಾಗಿರುವ ತಗಡಿನ ಡಬ್ಬಿ ಬೇಡ.

ಕೌದಿಯ ಆಟ

ಹಳೆಯ ಸೀರೆ, ಧೋತರದ ತುಂಡು ಜೋಡಿಸಿ ಹೊಲಿದ ಕೌದಿ ಉತ್ತರ ಕರ್ನಾಟಕದ ಮನೆಗಳಿಗೆ ಚಿರಪರಿಚಿತ. ಅದರಡಿ ಚಮಚ ಬಚ್ಚಿಟ್ಟು ಹುಡುಕಿಸಬಹುದು. ಕಣ್ಣಿಗೆ ಕಾಣದ ವಸ್ತುವೂ ಅಲ್ಲೇ ಇರುತ್ತದೆಂಬ ಅರಿವು ಇದರಿಂದ ಗಟ್ಟಿಯಾಗುತ್ತದೆ. ಎರಡು ವರ್ಷ ದಾಟಿದವರಿಗೆ ಕೆಂಪು ತುಂಡು ಎಲ್ಲಿ, ಹೂವಿನ ತುಂಡು ಎಲ್ಲಿ ಎಂದು ಕೇಳುತ್ತ ಬಣ್ಣ ಕಲಿಸಬಹುದು. ಮಡಿಸಿಟ್ಟ ಕೌದಿಗಳ ಸಣ್ಣ ದಿಬ್ಬ ಹತ್ತಿ ಇಳಿದರೆ ಕೈಕಾಲಿಗೂ ವ್ಯಾಯಾಮ.

ಹಿಟ್ಟು, ಮಣ್ಣು (1½ ವರ್ಷದ ನಂತರ)

ರೊಟ್ಟಿ ಬಡಿಯುವಾಗ ಆರಿದ ಹಿಟ್ಟಿನ ಒಂದು ಉಂಡೆಯನ್ನು ಮಗುವಿಗೂ ಕೊಡಿ. ಒಲೆಯಿಂದ ದೂರ ಕೂರಿಸಿ. ತಟ್ಟುವುದು, ಹಿಚುಕುವುದರಿಂದ ಬೆರಳುಗಳು ಬಲಗೊಳ್ಳುತ್ತವೆ. ಮುಂದೆ ಬಳಪ ಹಿಡಿಯುವ ಕೈಗೆ ಇದೇ ಮೊದಲ ಅಭ್ಯಾಸ. ಮಣ್ಣೆತ್ತಿನ ಅಮಾವಾಸ್ಯೆಗೆ ಎತ್ತು ಮಾಡುವಾಗ ಮಗುವಿಗೂ ಒಂದು ಮುದ್ದೆ ಮಣ್ಣು ಸಿಗಲಿ. ಔಷಧ ಸಿಂಪಡಿಸಿದ ಹೊಲದ ಮಣ್ಣು ಮಾತ್ರ ಬೇಡ.

ಬುಟ್ಟಿ ಮತ್ತು ನೀರು (2ರಿಂದ 3 ವರ್ಷ)

ದೊಡ್ಡ ಉಳ್ಳಾಗಡ್ಡಿ, ಬಟಾಟೆ, ಬದನೆಕಾಯಿ ಬೆರೆಸಿಟ್ಟು ಬೇರೆ ಬೇರೆ ಬುಟ್ಟಿಗೆ ಹಾಕಿಸಿ. ಪರಾತದಲ್ಲಿ ಸ್ವಲ್ಪ ನೀರಿಟ್ಟು ಲೋಟದಿಂದ ಲೋಟಕ್ಕೆ ಸುರಿಯಲು ಬಿಡಿ. ಯಾವುದು ತೇಲುತ್ತದೆ, ಯಾವುದು ಮುಳುಗುತ್ತದೆ ಎಂದು ನೋಡುವುದೂ ಆಟವೇ. ಆಟ ಮುಗಿದೊಡನೆ ನೀರು ಚೆಲ್ಲಬೇಕು. ಬಕೆಟ್ಟಿನ ತಳದಲ್ಲಿರುವ ಕೆಲವೇ ಅಂಗುಲ ನೀರೂ ಎಳೆಯ ಮಗುವಿನ ಜೀವ ತೆಗೆಯಬಲ್ಲದು.

ಯಾವುದು ಆಟಿಕೆಯಲ್ಲ?

ಶೇಂಗಾ, ಕಡಲೆ, ಹುಣಸೆ ಬೀಜ, ನಾಣ್ಯ, ಗುಂಡಿ ಶ್ವಾಸನಾಳಕ್ಕೆ ಸಿಕ್ಕಿಕೊಳ್ಳುವಂಥವು. ಸುಮಾರು 3 ಸೆಂ.ಮೀ.ಗಿಂತ ಚಿಕ್ಕದಾದ ಯಾವ ವಸ್ತುವೂ ಮೂರು ವರ್ಷದೊಳಗಿನವರ ಕೈಗೆ ಸಿಗಬಾರದು. ಕಾಳು ಬೇರ್ಪಡಿಸುವ ಆಟವನ್ನು ಆ ವಯಸ್ಸು ದಾಟಿದ ಮೇಲೆ ಆಡಿಸಿದರಾಯಿತು. ರಿಮೋಟ್, ಗಡಿಯಾರಗಳ ಗುಂಡಿಯಾಕಾರದ ಬ್ಯಾಟರಿ ಇನ್ನೂ ಅಪಾಯಕಾರಿ. ನುಂಗಿದರೆ ಎರಡು ಗಂಟೆಯೊಳಗೇ ಅನ್ನನಾಳವನ್ನು ಸುಡಬಲ್ಲದು.

ಕೃಷಿಕರ ಮನೆಗಳಲ್ಲಿ ಮತ್ತೊಂದು ಎಚ್ಚರ ಅಗತ್ಯ. ಗೋವಿನಜೋಳ, ಹತ್ತಿಯ ಬಿತ್ತನೆ ಬೀಜಗಳಿಗೆ ಕೀಟ-ರೋಗನಾಶಕ ಲೇಪಿಸಿ ಬಣ್ಣ ಹಚ್ಚಿರುತ್ತಾರೆ. ಮಗುವಿನ ಕಣ್ಣಿಗೆ ಅವು ಮಿಠಾಯಿಯಂತೆ ಕಂಡಾವು. ಬೆಳೆಗೆ ಹೊಡೆಯುವ ‘ಎಣ್ಣೆ’ಯ ಖಾಲಿ ಡಬ್ಬಿಯನ್ನು ಎಷ್ಟು ತೊಳೆದರೂ ಆಟಕ್ಕೆ ಕೊಡಬಾರದು. ಇಂಥದ್ದು ಬಾಯಿಗೆ ಹೋದರೆ ವಾಂತಿ ಮಾಡಿಸಲು ಯತ್ನಿಸದೆ, ಚೀಟಿ ಅಥವಾ ಡಬ್ಬಿಯೊಂದಿಗೆ ಕೂಡಲೇ ಆಸ್ಪತ್ರೆಗೆ ಕರೆದೊಯ್ಯಬೇಕು. ತುರ್ತು ಆಂಬುಲೆನ್ಸ್‌ಗೆ 108 ಕರೆ ಮಾಡಬಹುದು.

ಪಾಲಕರ ಪಾತ್ರ

ಎದುರಿಗೆ ಕುಳಿತು ಮಾತನಾಡುವವರಿದ್ದಾಗಲೇ ಆಟದ ಪೂರ್ಣ ಪ್ರಯೋಜನ. ‘ಬಟ್ಟಲು ಒಳಗ ಹೋತು, ಹೊರಗ ಬಂತು’ ಎಂದು ಅಜ್ಜಿ ಮನೆಮಾತಿನಲ್ಲೇ ಹೇಳುತ್ತಿದ್ದರೆ ಮಗುವಿಗೆ ಪದಗಳೂ ದಕ್ಕುತ್ತವೆ. ಒಮ್ಮೆಗೆ ಹತ್ತು-ಹದಿನೈದು ನಿಮಿಷ, ದಿನಕ್ಕೆ ಮೂರ್ನಾಲ್ಕು ಬಾರಿ ಸಾಕು. ಮಗು ಮುಖ ತಿರುಗಿಸಿದರೆ ಒತ್ತಾಯ ಬೇಡ. ವಸ್ತು ಬದಲಿಸಿ ನೋಡಿ. ಆಡಿಸುವವರು ಎದ್ದುಹೋಗಬೇಕಾದಾಗ ಮಗುವನ್ನೂ ಜೊತೆಗೆ ಎತ್ತಿಕೊಂಡು ಹೋಗುವುದು ಕ್ಷೇಮ.